ಲೇಔಟು ಮಾಡಿ ಶ್ರೀಮಂತರಾದವರ ಲೆಕ್ಕಪುಸ್ತಕದಲ್ಲಿ ಏನಿರುತ್ತದೆ?

ಪ್ರಶ್ನೆ: ನನಗೆ 36 ವರ್ಷ. ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ, ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ. ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೇನೆ, ಕೈಗೆ 48 ಸಾವಿರ ಬರುತ್ತದೆ. ಹೋದ ವರ್ಷ ಅಪ್ಪ ಪಿತ್ರಾರ್ಜಿತ ಜಮೀನಿನಲ್ಲಿ ಒಂದೂವರೆ ಎಕರೆ ಮಾರಿದರು. ಸಾಲಸೋಲ ತೀರಿಸಿ 90 ಲಕ್ಷ ಉಳಿದಿದೆ. ಮಂಡ್ಯದಲ್ಲಿ ನಮಗೆ ದೂರದ ಸಂಬಂಧಿ ಒಬ್ಬರಿದ್ದಾರೆ, ಎಲ್ಲರೂ ಯಜಮಾನರು ಎನ್ನುತ್ತಾರೆ. ಬೆಲ್ಲದ ವ್ಯಾಪಾರದಿಂದ ಶುರು ಮಾಡಿದವರು, ಈಗ ನಾಲ್ಕು ಲೇಔಟು, ಕಲ್ಯಾಣ ಮಂಟಪ, ಪೆಟ್ರೋಲ್ ಬಂಕು ಇದೆ. 'ಭೂಮಿ ಯಾವತ್ತೂ ಮೋಸ ಮಾಡಲ್ಲ ಕಣಪ್ಪ' ಅಂತಾರೆ. ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಡಿಎಲ್‌ಎಫ್ ಎಂಬ ರಿಯಲ್ ಎಸ್ಟೇಟ್ ಕಂಪನಿಯ ಕೆ.ಪಿ. ಸಿಂಗ್ ರೈತರಿಂದ ಸಾಲದ ಮೇಲೆ ಜಮೀನು ತೆಗೆದುಕೊಂಡು ಊರನ್ನೇ ಕಟ್ಟಿದ ವಿಡಿಯೊ ನೋಡಿದ ಮೇಲೆ ನಿದ್ದೆ ಬರುತ್ತಿಲ್ಲ. ಶ್ರೀರಂಗಪಟ್ಟಣದ ಹತ್ತಿರ 2 ಎಕರೆ ನೋಡಿದ್ದೇನೆ. ಎಕರೆಗೆ 80 ಲಕ್ಷ. ರಿಂಗ್ ರೋಡು ಬರುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ಮನೆ ಅಡವಿಟ್ಟು 40 ಲಕ್ಷ, ಎರಡು ರೂಪಾಯಿ ಬಡ್ಡಿಗೆ ಕೈಸಾಲ 30 ಲಕ್ಷ ತೆಗೆದು, ಕೆಲಸ ಬಿಟ್ಟು ಲೇಔಟು ಮಾಡುವ ಯೋಚನೆ. 90 ಲಕ್ಷದಲ್ಲಿ 5 ಲಕ್ಷ ಅಡ್ವಾನ್ಸ್ ಕೊಟ್ಟಾಗಿದೆ, 3 ಚೆಕ್ಕು, 2 ನಗದು. ಅಗ್ರಿಮೆಂಟ್ ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ತಂಗಿಗೆ ಮದುವೆ ಆಗಿದೆ. ಜಮೀನು ಮಾರುವಾಗ ಸಹಿ ಹಾಕಿದಳು, ದುಡ್ಡು ಕೇಳಿಲ್ಲ. ಹೆಂಡತಿಗೆ ಇದು ಇಷ್ಟವಿಲ್ಲ. ಮುಂದುವರಿಯಲೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ ಕೈಯಲ್ಲಿ ಕ್ಯಾಲ್ಕುಲೇಟರ್ ಇತ್ತು. ಮೊದಲು ಆ ಲೆಕ್ಕ ಹೇಳಿಬಿಡುತ್ತೇನೆ, ಉಳಿದ ಮಾತು ಆಮೇಲೆ.

ಮನೆ ಮೇಲಿನ 40 ಲಕ್ಷಕ್ಕೆ ಶೇ 10.5 ಬಡ್ಡಿ, 15 ವರ್ಷದ ಅವಧಿ ಅಂದುಕೊಳ್ಳೋಣ. ತಿಂಗಳ ಕಂತು ಸುಮಾರು 44 ಸಾವಿರ. ಕೈಸಾಲಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಇಪ್ಪತ್ತನಾಲ್ಕು. 30 ಲಕ್ಷಕ್ಕೆ ತಿಂಗಳಿಗೆ 60 ಸಾವಿರ. ಅದು ಬರೀ ಬಡ್ಡಿ, ಅಸಲು ಹಾಗೇ ಕೂತಿರುತ್ತದೆ. ಎರಡೂ ಸೇರಿ ತಿಂಗಳಿಗೆ 1 ಲಕ್ಷ 4 ಸಾವಿರ. ನಿಮ್ಮ ಸಂಬಳ 48 ಸಾವಿರ. ಅದನ್ನೂ ಬಿಡುತ್ತೇನೆ ಅಂತಿದ್ದೀರಿ.

ಇನ್ನೊಂದು ಕಡೆ ನೋಡಿ. 90, 40, 30 ಸೇರಿದರೆ 1.6 ಕೋಟಿ. ಜಮೀನಿನ ಬೆಲೆಯೂ 1.6 ಕೋಟಿ. ನೋಂದಣಿ ಖರ್ಚು ಎಲ್ಲಿ? ನಮ್ಮ ರಾಜ್ಯದಲ್ಲಿ ಈ ಬೆಲೆಯ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಯಿತು. ಎಲ್ಲ ಸೇರಿ ಏಳೂವರೆಗಿಂತ ತುಸು ಜಾಸ್ತಿ. ನಿಮ್ಮ ಜಮೀನಿಗೆ ಸುಮಾರು 12 ಲಕ್ಷ. ಬ್ರೋಕರ್ ಕಮಿಷನ್ ಬೇರೆ. ಅಂದರೆ ನೋಂದಣಿ ದಿನವೇ ನೀವು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಾಗುತ್ತದೆ. ಲೇಔಟಿಗೆ ಒಂದು ಬುಟ್ಟಿ ಜಲ್ಲಿ ಹಾಕಿಸುವ ಮೊದಲೇ.

ಇಷ್ಟಕ್ಕೇ ಉತ್ತರ ಮುಗಿಸಬಹುದಿತ್ತು. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಈ 2 ಎಕರೆ ಅಲ್ಲ ಅನಿಸುತ್ತದೆ. ಯಜಮಾನರು ಆದ ಹಾಗೆ ನಾನ್ಯಾಕೆ ಆಗಬಾರದು ಎನ್ನುವುದು ನಿಮ್ಮ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ.

ನಾನು ಲಾಯರ್ ಅಲ್ಲ, ಆಡಿಟರ್. ಮೈಸೂರಿನಲ್ಲಿ 28 ವರ್ಷದಿಂದ ಜನರ ಲೆಕ್ಕ ಬರೆಯುತ್ತಿದ್ದೇನೆ. ನಿಮ್ಮ ಯಜಮಾನರು ಯಾರೋ ನನಗೆ ಗೊತ್ತಿಲ್ಲ, ಅವರಂಥವರ ಪುಸ್ತಕಗಳು ಮಾತ್ರ ನನ್ನ ಮೇಜಿನ ಮೇಲೆ ಸಾಕಷ್ಟು ಬಂದಿವೆ. ಊರಿನವರಿಗೆ ಅವರ ಕಾರು ಕಾಣುತ್ತದೆ. ನನಗೆ ಆ ಕಾರಿನ ಸಾಲ ಕಾಣುತ್ತದೆ.

ಒಬ್ಬರ ಕತೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಅವರೂ ಬೆಲ್ಲದ ಮಂಡಿಯಿಂದ ಬಂದವರು. ಆಲೆಮನೆಯವರಿಗೆ ಮುಂಗಡ ಕೊಟ್ಟು ಬೆಲ್ಲ ತರಿಸಿ, ಮಾರಿ, ಕಮಿಷನ್ ಹಿಡಿದುಕೊಳ್ಳುವ ವ್ಯಾಪಾರ. ದಿನವೂ ದುಡ್ಡು ಓಡಾಡುವ ಕಸುಬು ಅದು. ವರ್ಷದ ಕೊನೆಗೆ ಉಳಿದದ್ದರಲ್ಲಿ ಒಂದು ಜಾಗ ಕೊಳ್ಳುತ್ತಿದ್ದರು. ಉಳಿಯದ ವರ್ಷ ಕೊಳ್ಳುತ್ತಿರಲಿಲ್ಲ. 1996ರಲ್ಲಿ ಬೋಗಾದಿ ಕಡೆ 4 ಎಕರೆ ತೆಗೆದುಕೊಂಡರು. 15 ವರ್ಷ ಅಲ್ಲಿ ರಾಗಿ, ಹುರುಳಿ ಬಿಟ್ಟು ಏನೂ ಬೆಳೆಯಲಿಲ್ಲ. ಮನೆಯವರು ಆಡಿಕೊಂಡರು. ಅವರು ಸುಮ್ನೆ ಇದ್ದರು. ಊರು ಬೆಳೆದು ಬೇಲಿಗೆ ಬಂದು ತಾಗಿದ ಮೇಲೆ ಮಾರಿದರು. ಈಗ ಅವರ ಪುಸ್ತಕದಲ್ಲಿ ಒಟ್ಟು 14 ಖರೀದಿ ಇದೆ. ಅವರನ್ನು ಸಾಹುಕಾರ ಮಾಡಿದ್ದು ಅದರಲ್ಲಿ ಮೂರು. ನಾಲ್ಕು ಕೋರ್ಟಿನಲ್ಲಿವೆ. ಉಳಿದ ಏಳು ಬ್ಯಾಂಕಿನ ಎಫ್‌ಡಿಯಷ್ಟು ಬೆಳೆದಿವೆ, ಅಷ್ಟೆ. ಮದುವೆ ಮನೆಗಳಲ್ಲಿ ಜನ ಮಾತಾಡುವುದು ಆ ಮೂರರ ಬಗ್ಗೆ ಮಾತ್ರ.

ಗಮನಿಸಿ, ಅವರಿಗೆ ಭೂಮಿ ಅನ್ನ ಹಾಕಲಿಲ್ಲ. ಬೆಲ್ಲ ಅನ್ನ ಹಾಕಿತು, ಅದಕ್ಕೇ ಭೂಮಿ ಕಾಯಲು ಆಯಿತು. ನೀವು ಹೊರಟಿರುವುದು ತಿರುಗಾಮುರುಗಾ. ಅನ್ನ ಹಾಕುವ ಕೆಲಸ ಬಿಟ್ಟು, ಕಾಯಬೇಕಾದ ಭೂಮಿಯಿಂದಲೇ ಮೊದಲ ತಿಂಗಳಿನಿಂದ ಅನ್ನ ಕೇಳುತ್ತಿದ್ದೀರಿ.

ಇನ್ನೊಂದು ಸಂಗತಿ ಯಜಮಾನರ ತಲೆಮಾರಿನವರು ಹೇಳುವುದಿಲ್ಲ, ಬಹುಶಃ ಅವರಿಗೇ ಹೊಳೆದಿರುವುದಿಲ್ಲ. 2020ರವರೆಗೆ ಕರ್ನಾಟಕದಲ್ಲಿ ರೈತರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಅಡ್ಡ ಇದ್ದವು. ಹಾಗಾಗಿ ಹಳ್ಳಿ ಜಮೀನಿಗೆ ಕೊಳ್ಳುವವರೇ ಕಡಿಮೆ, ಬೆಲೆಯೂ ಕಡಿಮೆ. ಪಹಣಿಯಲ್ಲಿ ಹೆಸರಿದ್ದು, ಕೈಯಲ್ಲಿ ನಾಲ್ಕು ಕಾಸು ಇದ್ದವರಿಗೆ ಪೈಪೋಟಿಯೇ ಇರಲಿಲ್ಲ. 2020ರಲ್ಲಿ ಆ ಕಲಂಗಳು ರದ್ದಾದವು. ಈಗ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ ಶನಿವಾರ ಬೆಳಿಗ್ಗೆ ಹೊರಟು, ಮದ್ದೂರಿನಲ್ಲಿ ತಿಂಡಿ ತಿಂದು, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಪಕ್ಕದ ಜಮೀನಿಗೆ ಟೋಕನ್ ಕೊಟ್ಟು ಹೋಗುತ್ತಾರೆ. ರೈತರೂ ದಡ್ಡರಲ್ಲ. ಮುಂದೆ ಬರಬಹುದಾದ ಬೆಲೆಯನ್ನು ಇವತ್ತೇ ಕೇಳುತ್ತಾರೆ. ಯಜಮಾನರು ರಾಗಿ ಹೊಲದ ಬೆಲೆಗೆ ಕೊಂಡರು. ನೀವು ಎಕರೆಗೆ 80 ಲಕ್ಷ ಕೊಟ್ಟು, ಇನ್ನೂ ಆಗದ ಲೇಔಟಿನ ಬೆಲೆಗೆ ಕೊಳ್ಳುತ್ತಿದ್ದೀರಿ.

ಈಗ ನಿಮ್ಮ ವಿಡಿಯೊ ವಿಷಯ. ಕೆ.ಪಿ. ಸಿಂಗ್ ಕತೆ ಸುಳ್ಳಲ್ಲ. ಆದರೆ ಅದು ಶುರುವಾಗುವುದು ಗುರುಗ್ರಾಮದಲ್ಲಲ್ಲ. ಡಿಎಲ್‌ಎಫ್ ಹುಟ್ಟಿದ್ದು 1946ರಲ್ಲಿ. ಕಟ್ಟಿದವರು ಅವರ ಮಾವ, ಅಂದರೆ ಹೆಂಡತಿಯ ತಂದೆ ಚೌಧರಿ ರಾಘವೇಂದ್ರ ಸಿಂಗ್. ದೆಹಲಿಯ ಸೌತ್ ಎಕ್ಸ್‌ಟೆನ್ಷನ್, ಗ್ರೇಟರ್ ಕೈಲಾಶ್, ಹೌಜ್ ಖಾಸ್‌ನಂಥ ಬಡಾವಣೆಗಳನ್ನು ಮಾಡಿದ ಕಂಪನಿ ಅದು. 1957ರಲ್ಲಿ ದೆಹಲಿ ಅಭಿವೃದ್ಧಿ ಕಾಯ್ದೆ ಬಂದು ಖಾಸಗಿಯವರ ಕೈ ಕಟ್ಟಿತು. ಸೈನ್ಯದಲ್ಲಿದ್ದು ಬಂದ ಅಳಿಯ ಆ ಕಂಪನಿಯನ್ನು 1980ರ ದಶಕದಲ್ಲಿ ಹರಿಯಾಣಕ್ಕೆ ಒಯ್ದರು. ಸುಮಾರು 3,500 ಎಕರೆಯನ್ನು ಚೂರುಪಾರು ಹಿಡುವಳಿದಾರರಿಂದ ಸೇರಿಸಿದರು. ರೈತರಿಗೆ ದುಡ್ಡು ಕೊಟ್ಟು, ಅದೇ ದುಡ್ಡನ್ನು ಬಡ್ಡಿಗೆ ವಾಪಸ್ ಇಸಿದುಕೊಂಡದ್ದೂ ನಿಜ. ಹಾಗೆ ಇಸಿದುಕೊಳ್ಳಲು ಏನು ಬೇಕಿತ್ತು? ಹಳ್ಳಿ ಹಳ್ಳಿ ತಿರುಗಿ, ಒಂದೊಂದು ಮನೆಯ ಜಗಲಿ ಮೇಲೂ ಕೂತು ಗಳಿಸಿದ ನಂಬಿಕೆ. ಜೊತೆಗೆ ಹಿಂದೆ ಆಗಲೇ ಹೆಸರು ಮಾಡಿದ್ದ ಒಂದು ಕಂಪನಿ. ಅಲ್ಲಿಗೆ ದೊಡ್ಡ ಕಂಪನಿಗಳು ಬಂದು ಆಫೀಸು ತುಂಬಿದ್ದು 1990ರ ದಶಕದಲ್ಲಿ. ಅಲ್ಲಿಯವರೆಗೆ ಕಾದರು.

ವಿಡಿಯೊದವರು ಸಾಮಾನ್ಯವಾಗಿ ಇದರ ಮುಂದಿನ ಅಧ್ಯಾಯ ತೋರಿಸುವುದಿಲ್ಲ. 2007ರ ಜುಲೈನಲ್ಲಿ ಡಿಎಲ್‌ಎಫ್ ಷೇರು 525 ರೂಪಾಯಿಗೆ ಮಾರುಕಟ್ಟೆಗೆ ಬಂತು. 2008ರ ಜನವರಿಯಲ್ಲಿ 1,200 ದಾಟಿತು. 2009ರ ಮಾರ್ಚ್‌ನಲ್ಲಿ 200ಕ್ಕಿಂತ ಕೆಳಗಿತ್ತು. ಎಕರೆಗಟ್ಟಲೆ ಭೂಮಿ ಅಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ. ಅಷ್ಟು ದೊಡ್ಡ ಭೂ ಒಡೆಯರಿಗೂ ಸಾಲದ ಕಾಲ, ಮಾರಾಟದ ಕಾಲ ಎರಡೂ ಕೂಡಿ ಬರುವುದಿಲ್ಲ ಅನ್ನುವುದಕ್ಕೆ ಹೇಳಿದೆ.

ನನಗೆ ಇದಕ್ಕಿಂತ ಜಾಸ್ತಿ ಕಾಡುವ ಕತೆ ಇನ್ನೊಂದಿದೆ. ಕೆನಡಾದ ರೈಖ್‌ಮನ್ ಸಹೋದರರದು. ಟೊರಾಂಟೊದಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಿದ್ದ ಮನೆತನ. 1977ರಲ್ಲಿ ನ್ಯೂಯಾರ್ಕ್ ನಗರ ಸಾಲದಲ್ಲಿ ಮುಳುಗಿ ಯಾರೂ ಅಲ್ಲಿ ಆಸ್ತಿ ಮುಟ್ಟದ ಹೊತ್ತಿನಲ್ಲಿ 32 ಕೋಟಿ ಡಾಲರಿಗೆ ಎಂಟು ದೊಡ್ಡ ಕಟ್ಟಡ ಕೊಂಡರು. ಹತ್ತು ವರ್ಷದಲ್ಲಿ ಅದರ ಬೆಲೆ ಸುಮಾರು ಹತ್ತು ಪಟ್ಟಾಯಿತು. ಜಗತ್ತಿನ ಅತಿ ದೊಡ್ಡ ಆಸ್ತಿವಂತರ ಸಾಲಿಗೆ ಸೇರಿದರು. 1987ರಲ್ಲಿ ಲಂಡನ್ನಿನ ಪಾಳುಬಿದ್ದ ಹಡಗುಕಟ್ಟೆಯ ಜಾಗದಲ್ಲಿ ಕೆನರಿ ವಾರ್ಫ್ ಎಂಬ ಆಫೀಸು ನಗರ ಕಟ್ಟಲು ಇಳಿದರು. ಅಲ್ಲಿಗೆ ಸುರಂಗ ರೈಲು ಬರುತ್ತದೆ, ಬಂದರೆ ಜಾಗ ಚಿನ್ನ ಎನ್ನುವುದು ಅವರ ಲೆಕ್ಕ. ರೈಲು ಬರುವ ಮೊದಲು ಸಾಲದ ಗಡುವು ಬಂತು. 1992ರಲ್ಲಿ ಕಂಪನಿ ದಿವಾಳಿ. ರೈಲು ಬಂದದ್ದು 1999ರಲ್ಲಿ! ಇವತ್ತು ಆ ಜಾಗ ಲಂಡನ್ನಿನ ಹಣಕಾಸಿನ ಎರಡನೇ ಮನೆ. ಊಹೆ ತಪ್ಪಿರಲಿಲ್ಲ ನೋಡಿ. ಏಳು ವರ್ಷ ತಡವಾಯಿತು, ಅಷ್ಟರಲ್ಲಿ ಮನೆ ಮುಳುಗಿತ್ತು. ಅಣ್ಣತಮ್ಮಂದಿರಲ್ಲಿ ಪಾಲ್ ಎಂಬವರು 1995ರಲ್ಲಿ ಬೇರೆಯವರ ದುಡ್ಡು ಸೇರಿಸಿಕೊಂಡು ಆ ಜಾಗವನ್ನು ಮತ್ತೆ ಕೊಂಡರು ಅನ್ನುವುದು ಬೇರೆ ಮಾತು.

ಅದಕ್ಕೇ ಬ್ರೋಕರ್ 'ರಿಂಗ್ ರೋಡು ಬರುತ್ತದೆ' ಅಂದಾಗ ನಾನು ರಸ್ತೆ ಬರುತ್ತದೋ ಇಲ್ಲವೋ ಅಂತ ಕೇಳುವುದೇ ಇಲ್ಲ. ಬರುವವರೆಗೆ ಬಡ್ಡಿ ಯಾರು ಕಟ್ಟುತ್ತಾರೆ ಅಂತ ಕೇಳುತ್ತೇನೆ. ಎರಡು ರೂಪಾಯಿ ಬಡ್ಡಿಯ ದುಡ್ಡು, ಬಡ್ಡಿಗೆ ಬಡ್ಡಿ ಸೇರಿದರೆ, ಮೂರು ವರ್ಷ ಚಿಲ್ಲರೆಯಲ್ಲಿ ದುಪ್ಪಟ್ಟಾಗುತ್ತದೆ. ಕೈಸಾಲದ ಭಾಗಕ್ಕೆ ನಿಮಗೆ ಲಾಭ ಬೇಡ, ನಷ್ಟವಾಗದಿದ್ದರೆ ಸಾಕು ಅಂದರೂ ಅಷ್ಟರಲ್ಲಿ ಜಮೀನು 80 ಲಕ್ಷದಿಂದ ಒಂದೂವರೆ ಕೋಟಿ ದಾಟಿರಬೇಕು.

ರಸ್ತೆ ಬಂದರೂ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ನಿಮ್ಮ ಊರ ಪಕ್ಕದಲ್ಲೇ ನೋಡಿದ್ದೀರಿ. 118 ಕಿಲೋಮೀಟರಿನ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆಲ್ಲ ಬೈಪಾಸು. ಹಳೆ ರಸ್ತೆ ಬದಿಯ ಹೋಟೆಲಿನವರು, ಎಳನೀರಿನವರು, ಆಟಿಕೆ ಅಂಗಡಿಯವರು ಗಿರಾಕಿ ಇಲ್ಲದೆ ಕೂತರು. ಮುಖ್ಯ ರಸ್ತೆಗೆ ಎಲ್ಲೆಂದರಲ್ಲಿ ಹತ್ತುವಂತಿಲ್ಲ. ಅದೇ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್ ಕೂಡ ಅಲ್ಲಿಗೆ ಬರುವಂತಿಲ್ಲ. 'ಎಕ್ಸ್‌ಪ್ರೆಸ್‌ವೇಗೆ ಅಂಟಿಕೊಂಡ ಜಮೀನು' ಅಂತ ಹೆಚ್ಚು ಕೊಟ್ಟು ಕೊಂಡವರಲ್ಲಿ ಕೆಲವರಿಗೆ ಈಗ ಕಾಣುವುದು ಬೇಲಿ, ಕೇಳುವುದು ಕಾರಿನ ಸದ್ದು. ಇನ್ನು ಬರಲಿರುವ ರಸ್ತೆ ನಿಮ್ಮ ಜಮೀನಿನ ಪಕ್ಕ ಬರುತ್ತದೋ, ಮೇಲೇ ಬರುತ್ತದೋ? ಅದನ್ನು ಬ್ರೋಕರ್ ಬಾಯಿಂದ ಕೇಳಬೇಡಿ. ಆ ಪ್ರದೇಶದ ಯೋಜನಾ ಪ್ರಾಧಿಕಾರದಲ್ಲಿ ಮಹಾಯೋಜನೆಯ ನಕ್ಷೆ ಇರುತ್ತದೆ. ನಿಮ್ಮ ಸರ್ವೆ ನಂಬರ್ ಹಳದಿ ಬಣ್ಣದಲ್ಲಿದ್ದರೆ ವಸತಿ ವಲಯ. ಹಸಿರಿನಲ್ಲಿದ್ದರೆ ಕೃಷಿ ವಲಯ, ಲೇಔಟಿನ ಕನಸು ಅಲ್ಲಿಗೇ ನಿಲ್ಲುತ್ತದೆ.

ಶ್ರೀರಂಗಪಟ್ಟಣಕ್ಕೆ ಇನ್ನೊಂದು ತೊಡಕಿದೆ. ಕೋಟೆ, ಬತೇರಿ, ಅರಮನೆ ಅಂತ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳು ಅಲ್ಲಿ ಬೇಕಾದಷ್ಟಿವೆ. ಕೇಂದ್ರದ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ನಿಮ್ಮ ಜಮೀನು ಎಲ್ಲಿದೆ ಅಂತ ನೀವು ಬರೆದಿಲ್ಲ, ಅಳತೆ ಹಾಕಿ ನೋಡಿ.

'ಭೂಮಿ ಮೋಸ ಮಾಡಲ್ಲ' ಅನ್ನುವ ಮಾತಿಗೆ ಬರುತ್ತೇನೆ. ಇದರಲ್ಲಿ ಅರ್ಧ ನಿಜ ಇದೆ. ಭೂಮಿಯ ಬೆಲೆ ಬಿತ್ತು ಅಂತ ಯಾರ ಬಾಯಲ್ಲೂ ಕೇಳುವುದಿಲ್ಲ, ಏಕೆಂದರೆ ಬೀಳುವ ಕಾಲದಲ್ಲಿ ಯಾರೂ ಮಾರುವುದೇ ಇಲ್ಲ. 2016ರ ನವೆಂಬರ್‌ನಲ್ಲಿ 500, 1,000ದ ನೋಟು ರದ್ದಾದಾಗ ಮೈಸೂರಿನ ಸುತ್ತಮುತ್ತ ಸೈಟಿನ ಬೆಲೆ ಕೇಳಿದರೆ ಹಳೆಯದೇ ಹೇಳುತ್ತಿದ್ದರು. ಕೊಳ್ಳುವವರು ಮಾತ್ರ ಇರಲಿಲ್ಲ. ನನ್ನ ಒಬ್ಬ ಕಕ್ಷಿದಾರರು 2015ರಲ್ಲಿ, ಹೆಚ್ಚುಕಡಿಮೆ ನಿಮ್ಮದೇ ಲೆಕ್ಕದಲ್ಲಿ, ಮೂರು ರೂಪಾಯಿ ಬಡ್ಡಿಗೆ ತಂದು ಜಮೀನು ಹಿಡಿದಿದ್ದರು. ಒಂದೂವರೆ ವರ್ಷ ಒಂದು ಸೈಟೂ ಹೋಗಲಿಲ್ಲ. ಕೊನೆಗೆ ಜಮೀನು ಸಾಲ ಕೊಟ್ಟವರಿಗೇ ಹೋಯಿತು, ಜೊತೆಗೆ ಕುವೆಂಪುನಗರದ ಮನೆ. ಆ ಜಮೀನು ಈಗ ಒಳ್ಳೆ ಬೆಲೆಗೆ ಬಂದಿದೆಯಂತೆ. ಅವರು ಇಂದೂ ಆ ದಾರಿಯಲ್ಲಿ ಓಡಾಡುವುದಿಲ್ಲ.

ಲೇಔಟಿನ ಒಳಲೆಕ್ಕ ಒಂದಿಷ್ಟು. ಒಂದು ಎಕರೆ 40 ಗುಂಟೆ, 43,560 ಚದರ ಅಡಿ. ರಸ್ತೆ, ಪಾರ್ಕು, ಸಿಎ (ಸಾರ್ವಜನಿಕ ಸೌಲಭ್ಯದ) ನಿವೇಶನಕ್ಕೆ ಬಿಟ್ಟು ಮಾರಲು ಸಿಗುವುದು ಅರ್ಧಕ್ಕಿಂತ ತುಸು ಜಾಸ್ತಿ. 30x40 ಅಡಿಯ ಸೈಟು ಎಕರೆಗೆ ಇಪ್ಪತ್ತು ಬಂದರೆ ಅದೃಷ್ಟ. 2 ಎಕರೆಗೆ 40. ಅದಕ್ಕೆ ಮೊದಲು ಭೂಪರಿವರ್ತನೆ, ನಕ್ಷೆ ಮಂಜೂರಾತಿ, ಚರಂಡಿ, ಒಳಚರಂಡಿ, ಕರೆಂಟು, ನೀರು. ಈ ಕೆಲಸಕ್ಕೇ ಎಕರೆಗೆ ಹತ್ತಾರು ಲಕ್ಷ ಬೇಕು. ಸೈಟುಗಳನ್ನು ಪ್ರಾಧಿಕಾರ ಒಂದೇ ಸಲಕ್ಕೆ ಬಿಡುವುದಿಲ್ಲ, ಕೆಲಸ ಆದ ಹಾಗೆ ಹಂತ ಹಂತವಾಗಿ ಬಿಡುತ್ತದೆ. ನಾನು ನೋಡಿದ್ದರಲ್ಲಿ ಎಲ್ಲ ಸರಿಯಾಗಿ ನಡೆದರೂ ಮೂರು ವರ್ಷ. ಬುಕಿಂಗ್ ಅಡ್ವಾನ್ಸ್ ತೆಗೆದುಕೊಂಡು ಕೈಸಾಲ ತೀರಿಸುತ್ತೇನೆ ಅಂದುಕೊಂಡಿದ್ದರೆ ಅದಕ್ಕೂ ತಡೆ ಇದೆ. 500 ಚದರ ಮೀಟರ್ ಮೀರಿದ ಲೇಔಟಿಗೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗುವ ತನಕ ಜಾಹೀರಾತೂ ಹಾಕುವಂತಿಲ್ಲ, ಬುಕಿಂಗೂ ಇಲ್ಲ. ಆಮೇಲೆ ಬಂದ ದುಡ್ಡಿನಲ್ಲಿ ಶೇ 70 ಪ್ರತ್ಯೇಕ ಖಾತೆಯಲ್ಲಿರಬೇಕು, ಆ ಪ್ರಾಜೆಕ್ಟಿನ ಭೂಮಿಗೆ, ಕೆಲಸಕ್ಕೆ ಮಾತ್ರ ಬಳಸಬೇಕು.

'ಇದೆಲ್ಲ ಯಾರು ಮಾಡ್ತಾರೆ ಸಾರ್, ಹಾಗೇ ಕಲ್ಲು ನೆಟ್ಟು ಮಾರ್ತಾರೆ' ಅಂತ ನಿಮಗೆ ಯಾರೋ ಹೇಳಿರಬಹುದು. ರೆವಿನ್ಯೂ ಸೈಟಿನ ದಾರಿ ಅದು. ನಾನೂ ಅದರ ರುಚಿ ನೋಡಿದವನೇ. 1999ರಲ್ಲಿ 60 ಸಾವಿರಕ್ಕೆ ಒಂದು ಸೈಟು ಕೊಂಡೆ, ಕ್ರಯಪತ್ರ ಇಲ್ಲ, ಬರೀ ಜಿಪಿಎ, ಅಂದರೆ ಅಧಿಕಾರಪತ್ರ. ಎರಡು ವರ್ಷದ ಮೇಲೆ ಬೇಲಿ ಹಾಕಿಸಲು ಹೋದರೆ ಅಲ್ಲಿ ಆಗಲೇ ಒಬ್ಬರು ಪಾಯ ತೆಗೆಸುತ್ತಿದ್ದರು, ಅವರ ಕೈಯಲ್ಲೂ ಅದೇ ಸೈಟಿನ ಜಿಪಿಎ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಲೆಕ್ಕ ಗೊತ್ತಿದ್ದವನಿಗೆ ಕಾಗದ ಗೊತ್ತಿರಲಿಲ್ಲ. ಜಿಪಿಎಯಿಂದ ಮಾಲೀಕತ್ವ ಬರುವುದಿಲ್ಲ ಎಂದು 2011ರಲ್ಲಿ ಸುಪ್ರೀಂ ಕೋರ್ಟು ಕಡ್ಡಿ ಮುರಿದ ಹಾಗೆ ಹೇಳಿದೆ.

ಹಾಗಾಗಿ ನೀವು ನೋಡಿರುವ ಜಮೀನಿನ ಕಾಗದವನ್ನು ಒಬ್ಬ ಸಿವಿಲ್ ವಕೀಲರಿಗೆ ತೋರಿಸಿ. ಬ್ರೋಕರ್ ಕರೆತರುವ ವಕೀಲರಲ್ಲ, ನೀವೇ ಹುಡುಕಿದವರು. ಪಹಣಿ, ಮ್ಯುಟೇಷನ್, ಇಸಿ (ಋಣಭಾರ ಪತ್ರ) ಎಲ್ಲರೂ ನೋಡುತ್ತಾರೆ. ನಮ್ಮ ಕಡೆ ಜನ ಎಡವುವುದು ಎರಡು ಕಡೆ. ಒಂದು, ಆ ಜಮೀನು ಹಿಂದೆ ಎಂದಾದರೂ ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ? ಹೌದಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದ್ದರೆ ಮೂಲ ಕುಟುಂಬ ವಾಪಸ್ ಕೇಳಬಹುದು. 2023ರ ತಿದ್ದುಪಡಿಯ ಮೇಲೆ ಅದಕ್ಕೆ ಕಾಲಮಿತಿಯೂ ಇಲ್ಲ. ಅದು ನ್ಯಾಯವೇ, ಆ ಜಮೀನು ಅವರಿಗೆಂದೇ ಕೊಟ್ಟದ್ದು. ಎರಡು, ಮಾರುವವರ ಮನೆಯ ಹೆಣ್ಣುಮಕ್ಕಳು.

ಇದೇ ನಿಮ್ಮ ತಂಗಿಯ ವಿಷಯಕ್ಕೂ ಬರುತ್ತದೆ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಹುಟ್ಟಿನಿಂದಲೇ. 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ನಿಮ್ಮ ತಂಗಿ ಕ್ರಯಪತ್ರಕ್ಕೆ ಸಹಿ ಹಾಕಿದ್ದು ಕೊಂಡವರಿಗೆ ಧೈರ್ಯ ಕೊಟ್ಟಿತು. ದುಡ್ಡಿನಲ್ಲಿ ತನ್ನ ಪಾಲು ಬೇಡ ಅಂತ ಅದರಲ್ಲಿ ಬರೆದಿದೆಯೇ? ಬರೆದಿಲ್ಲ ಅಂದರೆ 90 ಲಕ್ಷದಲ್ಲಿ ಅವರದ್ದೂ ಇದೆ, ಅಪ್ಪನದ್ದೂ ಇದೆ. ಕೇಳಿಲ್ಲ ಅನ್ನುವುದು ಬೇಡ ಅಂದ ಹಾಗಲ್ಲ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ತವರು ತಪ್ಪಬಾರದು ಅಂತ ಬಾಯಿ ಮುಚ್ಚಿಕೊಂಡಿರುತ್ತಾರೆ, ಗೊತ್ತಿರುವ ವಿಷಯವೇ ಅಲ್ವಾ. ಅವರಿಗೆ ಸೇರಬೇಕಾದ್ದನ್ನು ಮೊದಲು ತೆಗೆದಿಟ್ಟು, ಉಳಿದದ್ದು ನಿಮ್ಮ ಬಂಡವಾಳ ಅಂತ ಲೆಕ್ಕ ಹಾಕಿ.

ತೆರಿಗೆ ವಿಷಯ ಚಿಕ್ಕದಾಗಿ. ಅಪ್ಪ ಮಾರಿದ ಜಮೀನಿಗೆ ಭಯ ಬೇಡ. ಮದ್ದೂರಿನಷ್ಟು ಜನಸಂಖ್ಯೆಯ ಪೇಟೆಯ ಗಡಿಯಿಂದ ನೇರ ಗೆರೆಯಲ್ಲಿ 2 ಕಿಲೋಮೀಟರ್ ಆಚೆ ಇದ್ದ ಕೃಷಿ ಜಮೀನಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ಆದರೆ ಲೇಔಟು ಮಾಡಿ ಮಾರಿದರೆ ಅದು ವ್ಯಾಪಾರ. ಎರಡು ವರ್ಷ ಇಟ್ಟುಕೊಂಡು ಮಾರಿದ ಆಸ್ತಿಗೆ ಇರುವ ಶೇ 12.5ರ ದರ ನಿಮಗೆ ಸಿಗುವುದಿಲ್ಲ. ಲಾಭ ನಿಮ್ಮ ಆದಾಯಕ್ಕೆ ಸೇರಿ, ಮೇಲಿನ ಭಾಗಕ್ಕೆ ಶೇ 30ರವರೆಗೆ ಹೋಗುತ್ತದೆ. ಕೈಸಾಲವನ್ನು ನಗದಾಗಿ ತರುವ ಯೋಚನೆ ಇದ್ದರೆ ಅದನ್ನು ಇಲ್ಲೇ ಬಿಡಿ. 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ಪಡೆದರೆ ಪಡೆದಷ್ಟೇ ದಂಡ ಬೀಳಬಹುದು. ಬೀಳುವುದು ಪಡೆದವರ ಮೇಲೆ. 30 ಲಕ್ಷ ಸಾಲಕ್ಕೆ 30 ಲಕ್ಷ ದಂಡ.

ಹಾಗಾದರೆ ಏನು ಮಾಡಬಹುದು?

ನನ್ನ ಕೇಳಿದರೆ, ಕೆಲಸ ಬಿಡಬೇಡಿ, ಸಾಲ ಮಾಡಬೇಡಿ, ಮನೆ ಪತ್ರ ಮುಟ್ಟಬೇಡಿ. ತಂಗಿಯ ಪಾಲು ತೆಗೆದ ಮೇಲೆ ಉಳಿದದ್ದರಲ್ಲಿ ಅರ್ಧದಷ್ಟಕ್ಕೆ ಪ್ರಾಧಿಕಾರದ ಮಂಜೂರಾತಿ, ಇ-ಖಾತೆ ಎರಡೂ ಇರುವ ಒಂದು ಸೈಟು ತೆಗೆದುಕೊಳ್ಳಿ. ಮುಡಾ ಈಗ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಆಗಿದೆ, ಮಂಜೂರಾದ ಲೇಔಟುಗಳ ವಿವರ ಅಲ್ಲಿ ಸಿಗುತ್ತದೆ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ. ಹತ್ತು ವರ್ಷ ಬೆಲೆ ಕದಲದೆ ಇರಬಹುದು, ಅಷ್ಟೂ ದಿನ ಖಾಲಿ ಸೈಟು ಒಂದು ರೂಪಾಯಿ ತರುವುದಿಲ್ಲ, ಕಂದಾಯ ಕಟ್ಟಿಸಿಕೊಳ್ಳುತ್ತದೆ. ಆದರೆ ರಾತ್ರಿ ನಿದ್ದೆ ಬರುತ್ತದೆ. ಸೈಟಿನ ಬದಲು ಬಾಡಿಗೆ ಬರುವ ಸಣ್ಣ ಮಳಿಗೆ ಸಿಕ್ಕಿದರೆ ನನಗೆ ಅದೇ ಇಷ್ಟ. ಯಜಮಾನರ ಬೆಲ್ಲದ ಕೆಲಸವನ್ನು ನಿಮಗೆ ಬಾಡಿಗೆ ಮಾಡುತ್ತದೆ. ಮಂಡ್ಯದಲ್ಲಿ ಹುಡುಕಿ, ಮೈಸೂರಿನ ದೊಡ್ಡ ರಸ್ತೆಗಳಲ್ಲಿ ನಿಮ್ಮ ದುಡ್ಡಿಗೆ ಸಿಗುವುದು ಕಷ್ಟ.

ದೊಡ್ಡ ಕಟ್ಟಡಗಳ ಬಾಡಿಗೆಯ ರುಚಿ ನೋಡಬೇಕು ಅಂದರೆ ರೀಟ್ ಎನ್ನುವುದಿದೆ, ಹಲವರ ದುಡ್ಡು ಸೇರಿಸಿ ಬಾಡಿಗೆ ಬರುವ ಕಟ್ಟಡ ಹಿಡಿಯುವ ಟ್ರಸ್ಟು. ಬೆಂಗಳೂರಿನ ಎಂಬೆಸಿಯದು ದೇಶದ ಮೊದಲನೆಯದು, 2019ರ ಏಪ್ರಿಲ್‌ನಲ್ಲಿ ಷೇರುಪೇಟೆಗೆ ಬಂತು. ಕೆಲವು ನೂರು ರೂಪಾಯಿಗೆ ಒಂದು ಯೂನಿಟ್ಟು. ಹಂಚಲು ಸಿಗುವ ಹಣದಲ್ಲಿ ಶೇ 90ನ್ನು ಹೂಡಿಕೆದಾರರಿಗೆ ಕೊಡಲೇಬೇಕು. ಷೇರಿನಂತೆ ಬೆಲೆ ಏರಿಳಿಯುತ್ತದೆ, ಆಫೀಸು ಖಾಲಿಯಾದರೆ ಬಾಡಿಗೆಯೂ ಇಳಿಯುತ್ತದೆ. ಊರಲ್ಲಿ ತೋರಿಸಿಕೊಳ್ಳಲು ಏನೂ ಇರುವುದಿಲ್ಲ. ಈ ಕೊನೆಯದೇ ನಮ್ಮ ಜನಕ್ಕೆ ದೊಡ್ಡ ತೊಂದರೆ.

ಲೇಔಟು ಕಸುಬೇ ಕಲಿಯಬೇಕು ಅಂದರೆ ಅದಕ್ಕೂ ದಾರಿ ಇದೆ. ಜಮೀನು ಕೊಳ್ಳದೆ, ಮಾಲೀಕರ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಳ್ಳುವುದು. ಜಮೀನು ಅವರದು, ಖರ್ಚು ನಿಮ್ಮದು, ಸೈಟು ಇಬ್ಬರಿಗೂ. ದೊಡ್ಡವರು ಬಹಳ ಮಂದಿ ಮಾಡುವುದು ಇದನ್ನೇ. ಒಪ್ಪಂದ ನೋಂದಣಿ ಆಗದಿದ್ದರೆ, ಅಥವಾ ಮಾಲೀಕರ ಮನೆಯಲ್ಲಿ ಪಾಲಿನ ಜಗಳ ಎದ್ದರೆ, ನೀವು ಹಾಕಿದ ಜಲ್ಲಿ ಅವರ ನೆಲದಲ್ಲೇ ಉಳಿಯುತ್ತದೆ. ಮೊದಲ ಸಲವೇ ಇದಕ್ಕೆ ಕೈ ಹಾಕಬೇಡಿ. ಯಜಮಾನರ ಒಂದು ಲೇಔಟಿನಲ್ಲಿ ಶನಿವಾರ, ಭಾನುವಾರ ಓಡಾಡಿ. ಕಂತ್ರಾಟುದಾರರ ಜೊತೆ, ತಾಲ್ಲೂಕು ಕಚೇರಿಯಲ್ಲಿ, ಸರ್ವೆಯವರ ಜೊತೆ ನಿಂತು ನೋಡಿ. ಹತ್ತು ಲಕ್ಷದ ಒಂದು ಸಣ್ಣ ಪಾಲು ಕೇಳಿ ನೋಡಿ. ಕೊಟ್ಟರೆ ಪುಸ್ತಕ ತೋರಿಸಿ ಅಂತಲೂ ಕೇಳಿ. ಅವರ ಮುಖ ಆಗ ಹೇಗಾಗುತ್ತದೆ ಎನ್ನುವುದರಿಂದಲೇ ಅರ್ಧ ಗೊತ್ತಾಗುತ್ತದೆ.

ಈಗ ತುರ್ತಿನದು, ಅಡ್ವಾನ್ಸ್. ಅಗ್ರಿಮೆಂಟ್ ತೆಗೆದು ಮೂರು ವಿಷಯ ಓದಿ: ಎಷ್ಟು ದಿನದ ಅವಧಿ, ಕಾಗದಪತ್ರ ಸರಿ ಇಲ್ಲದಿದ್ದರೆ ಏನು, ನೀವು ಹಿಂದೆ ಸರಿದರೆ ಏನು. ಮಾಲೀಕರು ಮೂಲ ಮಂಜೂರಾತಿ ದಾಖಲೆ, ವಂಶವೃಕ್ಷ, ಪೋಡಿ ನಕ್ಷೆ (ಹಿಸ್ಸೆ ಅಳತೆಯ ನಕ್ಷೆ) ಇನ್ನೂ ಕೊಟ್ಟಿಲ್ಲದಿದ್ದರೆ ವಕೀಲರಿಂದ ಬರಹದಲ್ಲಿ ಕೇಳಿಸಿ, ಅವಧಿ ಮುಗಿಯುವ ಮೊದಲೇ. ಕಾಗದದಲ್ಲಿ ದೋಷ ಸಿಕ್ಕರೆ ಪೂರ್ತಿ ವಾಪಸ್ ಕೇಳುವ ದಾರಿ ನಿಮಗಿದೆ. ದೋಷ ಇಲ್ಲ, ನೀವೇ ಬಿಡುತ್ತಿದ್ದೀರಿ ಅಂದರೆ ಒಂದಿಷ್ಟು ಹೋಗಬಹುದು. ಆ 2 ಲಕ್ಷ ನಗದು ಪಡೆದದ್ದು ಮಾಲೀಕರಿಗೂ ತೊಂದರೆಯ ವಿಷಯವೇ, ಜಮೀನಿನ ಮುಂಗಡವನ್ನೂ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದಿನಲ್ಲಿ ಪಡೆಯುವಂತಿಲ್ಲ. ಹಾಗಂತ ಹೆದರಿಸಲು ಹೋಗಬೇಡಿ. ಬ್ರೋಕರ್‌ನನ್ನು ಬಿಟ್ಟು, ಅಪ್ಪನನ್ನು ಕರೆದುಕೊಂಡು ಒಂದು ಬೆಳಿಗ್ಗೆ ಮಾಲೀಕರ ಮನೆಗೆ ಹೋಗಿ ಕೂತು ಮಾತಾಡಿ. ಇದೇ ಜಮೀನಿಗೆ ಕಾದಿರುವವರು ಬೇರೆ ಇದ್ದರೆ ಅವರೇ ಖುಷಿಯಾಗಿ ಬಿಟ್ಟಾರು. ಸಿಕ್ಕಷ್ಟನ್ನು ಚೆಕ್ಕಿನಲ್ಲೇ ಇಸಿದುಕೊಂಡು, ಅಗ್ರಿಮೆಂಟ್ ರದ್ದಾಯಿತು ಅಂತ ಇಬ್ಬರೂ ಸಹಿ ಮಾಡಿದ ಕಾಗದ ತನ್ನಿ. 5 ಲಕ್ಷದಲ್ಲಿ ಒಂದು ಲಕ್ಷ ಬಿಟ್ಟುಕೊಟ್ಟು ಬಂದರೂ, ಆ ಕೈಸಾಲದ ಎರಡು ತಿಂಗಳ ಬಡ್ಡಿಗಿಂತ ಅದು ಕಡಿಮೆ.

ಮನೆ ಯಾರ ಹೆಸರಿನಲ್ಲಿದೆ ಅಂತ ನೀವು ಬರೆದಿಲ್ಲ. ನಿಮ್ಮ ಹೆಂಡತಿಯ ಹೆಸರೂ ಖಾತೆಯಲ್ಲಿದ್ದರೆ ಅವರ ಸಹಿ ಇಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ. ಅವರು ಸಹಿ ಹಾಕಲ್ಲ ಅಂದರೆ ಒತ್ತಾಯ ಮಾಡಬೇಡಿ. ಮೇಲಿನ 1 ಲಕ್ಷ 4 ಸಾವಿರದ ಲೆಕ್ಕವನ್ನು ಅವರು ಬಹುಶಃ ಕ್ಯಾಲ್ಕುಲೇಟರ್ ಇಲ್ಲದೆಯೇ ಹಾಕಿದ್ದಾರೆ.